ಡಿಕ್ಕಿ ಹೊಡೆದದ್ದು ಬೈಕು, ಸರಿ. ಟ್ರೇಲರಿಗೆ ದೀಪ ಇತ್ತೇ?

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದ ಕೆಳಮೂಲೆಯಲ್ಲಿ ಆರು ಸಾಲಿನ ಸುದ್ದಿಯೊಂದಿತ್ತು. ರಸ್ತೆ ಬದಿಯಲ್ಲಿ ನಿಂತಿದ್ದ ಕಬ್ಬಿನ ಟ್ರೇಲರಿಗೆ ಹಿಂದಿನಿಂದ ಬೈಕ್ ಡಿಕ್ಕಿ, ಸವಾರ ಸ್ಥಳದಲ್ಲೇ ಸಾವು. ಸವಾರನ ವಯಸ್ಸು ಇತ್ತು, ಊರು ಇತ್ತು, ಹೆಲ್ಮೆಟ್ ಧರಿಸಿರಲಿಲ್ಲ ಎಂಬ ಮಾತೂ ಇತ್ತು. ಟ್ರೇಲರಿನ ಹಿಂದೆ ದೀಪ ಉರಿಯುತ್ತಿತ್ತೇ, ಕೆಂಪು ಪಟ್ಟಿಯಾದರೂ ಅಂಟಿಸಿತ್ತೇ, ರಾತ್ರಿ ಎಂಟೂವರೆಗೆ ಅದು ಅಲ್ಲಿ ಏಕೆ ನಿಂತಿತ್ತು, ಇವು ಮಾತ್ರ ಇರಲಿಲ್ಲ. ವರದಿಗಾರರನ್ನು ದೂರಿ ಪ್ರಯೋಜನವಿಲ್ಲ. ಠಾಣೆಯ ದಾಖಲೆಯಲ್ಲೂ ಇರಲಿಕ್ಕಿಲ್ಲ. ಟ್ರ್ಯಾಕ್ಟರಿಗೆ ಚಾಲಕನಿದ್ದಾನೆ, ಬೈಕಿಗೆ ಸವಾರನಿದ್ದಾನೆ, ಟ್ರೇಲರ್ ಮಾತ್ರ ಯಾರಿಗೂ ಸೇರದ ವಸ್ತು. ರಸ್ತೆ ಬದಿಯ ಹುಣಸೆಮರದ ಹಾಗೆ ಅದು ‘ನಿಂತಿತ್ತು’. ಇವನು ಹೋಗಿ ‘ಡಿಕ್ಕಿ ಹೊಡೆದ’.

ನಾನು ಮದ್ದೂರು ತಾಲ್ಲೂಕಿನಲ್ಲಿ ಒಂದು ವೆಲ್ಡಿಂಗ್ ಶೆಡ್ ಇಟ್ಟುಕೊಂಡಿದ್ದೇನೆ. 1989ರಲ್ಲಿ ಮಂಡ್ಯದ ಶೆಡ್ಡೊಂದರಲ್ಲಿ ಸುತ್ತಿಗೆ ಎತ್ತಿಕೊಡುವ ಹುಡುಗನಾಗಿ ಸೇರಿದವನು. 1996ರಿಂದ ನನ್ನದೇ ಶೆಡ್. ಕಿಟಕಿ, ಗೇಟು, ಶೆಟರ್ ಎಲ್ಲ ಮಾಡುತ್ತೇನಾದರೂ ಹೊಟ್ಟೆ ಹೊರೆದದ್ದು ಟ್ರೇಲರಿನಿಂದ. ಎರಡು ಗಾಲಿಯ ಸಣ್ಣ ಟ್ರೇಲರ್, ನಾಲ್ಕು ಗಾಲಿಯದು, ನೀರಿನ ಟ್ಯಾಂಕರ್, ಕಾಂಕ್ರೀಟ್ ಕಲೆಸುವ ಯಂತ್ರ, ಟ್ರ್ಯಾಕ್ಟರಿನ ಹಿಂದೆ ಉರುಳುವುದೆಲ್ಲ ಒಂದಲ್ಲ ಒಂದು ದಿನ ನನ್ನ ಶೆಡ್ಡಿನ ಮುಂದೆ ಮೂತಿ ಊರಿ ನಿಂತಿದೆ. ಆ ಲೆಕ್ಕದಲ್ಲಿ ಈ ಪತ್ರ ಬರೆಯುವ ಹಕ್ಕು ನನಗಿದೆ. ಉದ್ದವಾದರೆ ಕತ್ತರಿಸಿಕೊಳ್ಳಿ, ಟ್ರೇಲರನ್ನು ಟ್ರ್ಯಾಕ್ಟರಿಗೆ ಸಿಕ್ಕಿಸುವ ಪಿನ್ನಿನ ವಿಷಯ ಮಾತ್ರ ಬಿಡಬೇಡಿ.

ಕಾನೂನು ಟ್ರೇಲರನ್ನು ಟ್ರ್ಯಾಕ್ಟರಿನ ಬಾಲ ಎಂದು ಬಗೆದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಅದಕ್ಕೆ ಪ್ರತ್ಯೇಕ ನೋಂದಣಿ, ಪ್ರತ್ಯೇಕ ಸಂಖ್ಯೆ. ಆ ಸಂಖ್ಯೆ ಅದರ ಬದಿಯಲ್ಲಿ ಬರೆದಿರಬೇಕು. ಎಳೆಯುವ ಟ್ರ್ಯಾಕ್ಟರಿನ ಸಂಖ್ಯೆಯೂ ಟ್ರೇಲರಿನ ಮೇಲೆ ಕಾಣಬೇಕು; ಬೆಳಗಾವಿ, ಬಾಗಲಕೋಟೆ ಕಡೆಯ ಹಾಗೆ ಒಂದರ ಹಿಂದೆ ಒಂದು ಎರಡು ಕಟ್ಟಿದ್ದರೆ ಕೊನೆಯದರ ಮೇಲೆ. ನನ್ನ ಶೆಡ್ಡಿಗೆ ಬರುವವುಗಳ ಹಿಂಬದಿಯಲ್ಲಿ ನಾನು ಓದುವುದು ಬೇರೆಯದೇ. ತಂದೆ ತಾಯಿಯ ಆಶೀರ್ವಾದ, ಮನೆದೇವರ ಹೆಸರು, ನೆಚ್ಚಿನ ನಟನ ಮುಖ, ‘ನಿಧಾನವಾಗಿ ಚಲಿಸಿ’ ಎಂಬ ಉಪದೇಶ. ಸಂಖ್ಯೆ ಎಲ್ಲಿ ಎಂದರೆ ನಗುತ್ತಾರೆ. ಬಣ್ಣ ಬಳಿಯುವವನಿಗೆ ನಟನ ಮೀಸೆಗೆ ಎರಡು ಗಂಟೆ ಕೊಡುವವರು ಸಂಖ್ಯೆಗೆ ಹತ್ತು ನಿಮಿಷ ಕೊಡಲಾರರು.

ಆಯುಧ ಪೂಜೆಯ ದಿನ ನೋಡಬೇಕು. ಟ್ರ್ಯಾಕ್ಟರಿಗೆ ಬಾಳೆಕಂದು, ಚೆಂಡು ಹೂವಿನ ಹಾರ, ನಾಲ್ಕು ಗಾಲಿಗೆ ನಾಲ್ಕು ನಿಂಬೆಹಣ್ಣು, ದೃಷ್ಟಿ ತೆಗೆದು ಒಡೆಯಲು ಬೂದುಗುಂಬಳ. ಟ್ರೇಲರನ್ನು ಅಷ್ಟು ಹೊತ್ತು ಕಳಚಿ ಹಿತ್ತಲಿಗೆ ತಳ್ಳಿರುತ್ತಾರೆ, ಫೋಟೊಗೆ ಅಡ್ಡ ಬರುತ್ತದೆಂದು! ಟ್ರ್ಯಾಕ್ಟರಿಗೆ ಇಷ್ಟು ಗಂಟೆಗೆ ಆಯಿಲ್ ಎಂಬ ಲೆಕ್ಕವಿದೆ, ಕಂಪನಿಯವರ ಸರ್ವೀಸ್ ಪುಸ್ತಕವಿದೆ. ಟ್ರೇಲರಿನ ಬೇರಿಂಗಿಗೆ ಗ್ರೀಸ್ ಹಾಕಿ ಎಷ್ಟು ವರ್ಷವಾಯಿತು ಎಂದು ಕೇಳಿದರೆ, ‘ಮೇಸ್ತ್ರಿ, ಅದು ತಂದಾಗಿನಿಂದ ಹಾಗೆಯೇ ಚೆನ್ನಾಗಿದೆ’ ಎಂಬ ಉತ್ತರ.

ನಮ್ಮ ಅಪ್ಪನಿಗೆ ಎತ್ತಿನ ಗಾಡಿ ಇತ್ತು. ಆಲೆಮನೆಗೆ ಕಬ್ಬು ಹೊಡೆಯುತ್ತಿದ್ದರು. ನಸುಕಿನಲ್ಲಿ ನೊಗ ಎತ್ತುವ ಮೊದಲು ಗಾಡಿಯ ಎರಡೂ ಕಡೆ ಹೋಗಿ ಕತ್ತಲಲ್ಲೇ ಕೈಯಾಡಿಸಿ ಕಡಾಣಿ ಮುಟ್ಟಿ ನೋಡುತ್ತಿದ್ದರು. ಕಡಾಣಿ ಎಂದರೆ ಇಂದಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ಚಕ್ರ ಅಚ್ಚಿನಿಂದ ಕಳಚದಂತೆ ತುದಿಯಲ್ಲಿ ಹಾಕುವ ಗೇಣುದ್ದಕ್ಕಿಂತ ಚಿಕ್ಕ ಕೀಲು. ಸೊಂಟದ ಮಡಿಕೆಯಲ್ಲಿ ಎಲೆಯಡಿಕೆಯ ಜತೆ ಇನ್ನೊಂದು ಕಡಾಣಿ ಹೆಚ್ಚುವರಿಯಾಗಿ ಇರುತ್ತಿತ್ತು. ಗಾಡಿಯ ಕೆಳಗೆ ಕೀಲೆಣ್ಣೆಯ ಡಬ್ಬಿ ತೂಗುತ್ತಿತ್ತು. ಎರಡು ಎತ್ತು ಎಳೆಯುವಷ್ಟು ಭಾರಕ್ಕೆ ಅಷ್ಟು ಎಚ್ಚರ. ಇಂದು ನಲವತ್ತು, ಐವತ್ತು ಕುದುರೆಶಕ್ತಿಯ ಯಂತ್ರ ಟನ್ನುಗಟ್ಟಲೆ ಕಬ್ಬು ಎಳೆಯುತ್ತದೆ, ಟ್ರ್ಯಾಕ್ಟರಿಗೂ ಟ್ರೇಲರಿಗೂ ನಡುವೆ ಇರುವುದು ಒಂದೇ ಒಂದು ಪಿನ್ನು. ಅದನ್ನು ಬಗ್ಗಿ ನೋಡುವವರಿಲ್ಲ.

ಆ ಪಿನ್ನನ್ನು ಒಮ್ಮೆ ಹೊರಗೆಳೆದು ಬೆಳಕಿಗೆ ಹಿಡಿದು ನೋಡಿ. ಹೊಸದಾಗಿದ್ದಾಗ ಮೇಲಿನಿಂದ ಕೆಳಗಿನವರೆಗೆ ಒಂದೇ ದಪ್ಪ. ಎರಡು ಹಂಗಾಮು ಕಬ್ಬು ಹೊಡೆದ ಮೇಲೆ, ಟ್ರೇಲರಿನ ಮೂಕಿಯ (ಮುಂದಕ್ಕೆ ಚಾಚಿದ ಎಳೆಯುವ ದಂಡದ) ಕಣ್ಣು, ಎಂದರೆ ಪಿನ್ನು ತೂರುವ ತೂತು, ಉಜ್ಜುವ ಜಾಗದಲ್ಲಿ ನಡು ಸವೆದು ಡಮರುಗದ ಹಾಗಾಗಿರುತ್ತದೆ. ಸವೆದ ಜಾಗ ಕನ್ನಡಿಯಂತೆ ಹೊಳೆಯುತ್ತದೆ, ಹೆಬ್ಬೆರಳು ಜಾರಿಸಿದರೆ ಗುಂಡಿ ಸಿಗುತ್ತದೆ. ಪಿನ್ನಷ್ಟೇ ಅಲ್ಲದೆ ಮೂಕಿಯ ಕಣ್ಣೂ ಉದ್ದಕ್ಕೆ ಸವೆದು ಮೊಟ್ಟೆಯಾಕಾರಕ್ಕೆ ಬಂದಿರುತ್ತದೆ. ಆಗ ಗೇರ್ ಹಾಕಿದಾಗಲೆಲ್ಲ, ಬ್ರೇಕ್ ಒತ್ತಿದಾಗಲೆಲ್ಲ, ಹಂಪ್ ದಾಟಿದಾಗಲೆಲ್ಲ ‘ಟಣ್’ ಎಂದು ಒಂದು ಪೆಟ್ಟು. ಆ ಸದ್ದಿಗೆ ಚಾಲಕನ ಕಿವಿ ಒಗ್ಗಿಹೋಗಿರುತ್ತದೆ. ಹಾಡು ಜೋರು ಮಾಡಿದರೆ ಅದೂ ಕೇಳಿಸುವುದಿಲ್ಲ. ಪಿನ್ನಿನ ಕೆಳತುದಿಯಲ್ಲಿ ತೂತು ಇರುವುದು ಕ್ಲಿಪ್ ಹಾಕಲಿಕ್ಕೆ, ಏಕೆಂದರೆ ಪ್ರತಿ ಪೆಟ್ಟಿಗೂ ಪಿನ್ನು ಒಂದಿಷ್ಟು ಮೇಲಕ್ಕೆ ಹಾರುತ್ತದೆ. ಕ್ಲಿಪ್ ಕಳೆದುಹೋದರೆ ಹತ್ತು ಇಪ್ಪತ್ತು ರೂಪಾಯಿಯ ವಸ್ತು; ಅದರ ಬದಲು ಕಟ್ಟುವ ತಂತಿ, ಸೈಕಲ್ ಕಡ್ಡಿ, ಒಮ್ಮೆ ನಾನು ಹೆಂಗಸರ ಹೇರ್‌ಪಿನ್ನನ್ನೂ ಕಂಡಿದ್ದೇನೆ.

ಇನ್ನು ನನ್ನದೇ ಕಥೆ ಹೇಳಬೇಕು. 1998ರ ಹಂಗಾಮು. ಸಂಜೆ ಆರರ ಹೊತ್ತಿಗೆ ಗಿರಾಕಿಯೊಬ್ಬರು ಟ್ರ್ಯಾಕ್ಟರ್ ಓಡಿಸಿಕೊಂಡು ಬಂದರು. ಪಿನ್ನು ಎಲ್ಲೋ ಬಿದ್ದುಹೋಗಿದೆ, ಕಬ್ಬು ಕಡಿದು ತುಂಬಿಸಿ ಆಗಿದೆ, ರಾತ್ರಿಯೇ ಕಾರ್ಖಾನೆ ತಲುಪದಿದ್ದರೆ ಕಬ್ಬು ಹಾಕುವ ಪರ್ಮಿಟ್ ಹೋಗುತ್ತದೆ, ಒಣಗಿದಷ್ಟೂ ತೂಕ ನಷ್ಟ. ‘ಮೇಸ್ತ್ರಿ, ಇವತ್ತಿನ ಮಟ್ಟಿಗೆ ಏನಾದರೂ ಮಾಡಿಕೊಡಿ’ ಎಂದರು. ಸರಿಯಾದ ಪಿನ್ನು ಎಂದರೆ ಗಟ್ಟಿ ಜಾತಿಯ ಉಕ್ಕಿನ ಸರಳನ್ನು ಲೇತಿನಲ್ಲಿ ಕಡೆದು ಮಾಡಬೇಕು. ಆ ಸರಳು ನನ್ನಲ್ಲಿ ಇರಲಿಲ್ಲ, ಲೇತಿನವನು ಬಾಗಿಲು ಹಾಕಿ ಹೋಗಿದ್ದ. ಮೂಲೆಯಲ್ಲಿ ಮನೆ ಕಟ್ಟುವವರು ಬಿಟ್ಟುಹೋಗಿದ್ದ ಇಪ್ಪತ್ತೈದು ಮಿಲಿಮೀಟರಿನ ಟಾರ್ ಕಂಬಿಯ ತುಂಡು ಬಿದ್ದಿತ್ತು. ಅಳತೆಗೆ ಕತ್ತರಿಸಿದೆ. ಮೈಮೇಲಿನ ಏಣುಗಳನ್ನು ಗ್ರೈಂಡರಿನಲ್ಲಿ ಉಜ್ಜಿದೆ. ತಲೆಗೆ ದಪ್ಪ ವಾಷರ್ ಇಟ್ಟು ವೆಲ್ಡ್ ಮಾಡಿದೆ. ಕೆಳಗೆ ತೂತು ಕೊರೆಯಲು ಹೊತ್ತಿಲ್ಲವೆಂದು ತಂತಿ ಸುತ್ತಿಕೊಳ್ಳಿ ಎಂದೆ. ಕೊನೆಗೆ ಹಳೆಯ ಎಂಜಿನ್ ಆಯಿಲ್ ಸವರಿದೆ. ಕಪ್ಪಗೆ, ನೋಡಲು ಪಿನ್ನಿನ ಹಾಗೆಯೇ ಕಾಣಿಸಿತು. ಇಪ್ಪತ್ತು ರೂಪಾಯಿ ತೆಗೆದುಕೊಂಡೆ.

ಕಂಬಿ ಕಾಂಕ್ರೀಟಿನೊಳಗೆ ಇರಬೇಕಾದ ವಸ್ತು. ಅದು ಎಳೆತ ತಡೆಯುತ್ತದೆ, ಪೆಟ್ಟು ತಿನ್ನಲು ಮಾಡಿದ್ದಲ್ಲ. ತಿರುಚಿ ಗಟ್ಟಿ ಮಾಡಿದ ಟಾರ್ ಕಂಬಿಗೆ ವೆಲ್ಡಿಂಗಿನ ಶಾಖ ತಾಗಿದರೆ ಆ ಜಾಗದ ಕಸುವೇ ಹೋಗುತ್ತದೆ. ಮೇಲಾಗಿ ಕಣ್ಣಿನ ತೂತು ದೊಡ್ಡದು, ಕಂಬಿ ಸಣ್ಣದು. ಸಡಿಲ ಇದ್ದಷ್ಟೂ ಪೆಟ್ಟು ಜೋರು. ಇದೆಲ್ಲ ನನಗೆ ಆಗಲೂ ಗೊತ್ತಿತ್ತು. ನಾಲೆಯ ಏರಿ ಹತ್ತುವ ಜಾಗದಲ್ಲಿ ವಾಷರಿನ ವೆಲ್ಡ್ ಬಿಟ್ಟುಕೊಂಡಿತು. ತಲೆ ಹೋದ ಮೇಲೆ ಪಿನ್ನು ನೇರ ಕೆಳಗೆ ಉದುರಿತು. ಏರಿನಲ್ಲಿ ಕಬ್ಬಿನ ಭಾರ ಹಿಂದಕ್ಕೆ ವಾಲಿತ್ತು. ಮೂಕಿ ಆಕಾಶ ನೋಡಿತು, ಟ್ರೇಲರ್ ಹಿಂಬದಿಯನ್ನು ನೆಲಕ್ಕೆ ಕುಕ್ಕಿ ಜಾರಿ ಏರಿಯ ಪಕ್ಕಕ್ಕೆ ಹೊರಳಿತು. ಕಬ್ಬಿನ ಮೇಲೆ ಕುಳಿತಿದ್ದ ಅವರ ತಮ್ಮ ಹಾರಿದ. ಬಲಗಾಲಿನ ಮೂಳೆ ಎರಡು ಕಡೆ ಮುರಿಯಿತು. ಹಿಂದೆ ಯಾರೂ ಬರುತ್ತಿರಲಿಲ್ಲ, ಅಷ್ಟೇ ಪುಣ್ಯ. ಸುದ್ದಿ ಕೇಳಿ ರಾತ್ರಿಯೇ ಓಡಿದೆ. ಎಲ್ಲರೂ ಕಬ್ಬಿನ ಕಂತೆ ಎತ್ತುತ್ತಿದ್ದಾಗ ಟಾರ್ಚ್ ಹಿಡಿದು ಹಾದಿಯಲ್ಲಿ ಹುಡುಕಿ, ಪಿನ್ನನ್ನು ಎತ್ತಿ ಚೀಲಕ್ಕೆ ಹಾಕಿಕೊಂಡೆ. ಜನ ಏರಿಯ ಗುಂಡಿಗೆ ಬೈದರು, ಹೆಚ್ಚು ಹೇರಿದ್ದಕ್ಕೆ ಬೈದರು, ಗ್ರಹಚಾರ ಎಂದರು. ಪಿನ್ನಿನ ಮಾತು ಯಾರೂ ಎತ್ತಲಿಲ್ಲ.

ಆ ದಿನ ಒಂದು ಸರಪಣಿ ಇದ್ದಿದ್ದರೆ ಸಾಕಿತ್ತು. ಅಂದಿನಿಂದ ನನ್ನ ಶೆಡ್ಡಿನಿಂದ ಹೊರಡುವ ಪ್ರತಿ ಟ್ರೇಲರಿಗೂ ಕೇಳಿದರೂ ಕೇಳದಿದ್ದರೂ ಎರಡು ಸರಪಣಿ ಹಾಕಿ ಕಳಿಸುತ್ತೇನೆ. ಮೂಕಿಯ ಕೆಳಗೆ ಒಂದರ ಮೇಲೊಂದು ಅಡ್ಡ ಹಾಯಿಸಿ ಟ್ರ್ಯಾಕ್ಟರಿಗೆ ಸಿಕ್ಕಿಸಬೇಕು. ಪಿನ್ನು ಹೋದರೂ ಮೂಕಿ ನೆಲಕ್ಕೆ ಚುಚ್ಚದೆ ಆ ತೊಟ್ಟಿಲಿನಲ್ಲಿ ಬೀಳುತ್ತದೆ, ನಿಲ್ಲಿಸಲು ಹೊತ್ತು ಸಿಗುತ್ತದೆ. ತಿರುವಿನಲ್ಲಿ ಬಿಗಿಯದಷ್ಟು ಸಡಿಲ ಬೇಕು, ನೆಲಕ್ಕೆ ಎಳೆಯದಷ್ಟು ಮೇಲಿರಬೇಕು. ಮಾಡಿಕೊಟ್ಟ ಸರಪಣಿಗಳಲ್ಲಿ ಎಷ್ಟೋ ಆರು ತಿಂಗಳಲ್ಲಿ ಎಮ್ಮೆ ಕಟ್ಟಲು ಹೋಗಿರುತ್ತವೆ. ಕೊಟ್ಟಿಗೆಯಲ್ಲಿ ನೋಡಿ ಗುರುತಿಸಿದ್ದೇನೆ.

ದೀಪದ ವಿಷಯಕ್ಕೆ ಬರುತ್ತೇನೆ, ನಿಮ್ಮ ಸುದ್ದಿ ಅದರದ್ದೇ. ‘ದೀಪ ಇದೆ ಮೇಸ್ತ್ರಿ, ಉರಿಯುತ್ತದೆ’ ಎಂದು ಮೊನ್ನೆ ಒಬ್ಬ ಹುಡುಗ ವಾದಿಸಿದ. ಪಾರ್ಕಿಂಗ್ ದೀಪ ಹಾಕಿಸಿದೆ, ಎರಡೂ ಉರಿದವು. ಬ್ರೇಕ್ ಒತ್ತಲು ಹೇಳಿದೆ, ಎರಡೂ ಮಂಕಾದವು. ಎಡ ಇಂಡಿಕೇಟರ್ ಹಾಕಿಸಿದೆ, ಬಲಗಡೆಯ ಕೆಂಪು ದೀಪವೂ ಜತೆಗೇ ಮಿಣುಕತೊಡಗಿತು. ಹುಡುಗ ಬಲ್ಬ್ ಕೆಟ್ಟಿದೆ ಎಂದ. ಬಲ್ಬಿನದು ಏನೂ ತಪ್ಪಿಲ್ಲ. ಟ್ರೇಲರಿನ ಅರ್ತಿಂಗ್ ವಯರ್ ಎಂದೋ ಕಿತ್ತುಹೋಗಿದೆ. ಕರೆಂಟು ಮೂಕಿ, ಪಿನ್ನು, ಹುಕ್ಕಿನ ಮೂಲಕ ದಾರಿ ಹುಡುಕಿಕೊಂಡು ಟ್ರ್ಯಾಕ್ಟರಿಗೆ ಮರಳುತ್ತಿದೆ. ಅಲ್ಲಿ ತುಕ್ಕು, ಗ್ರೀಸು, ಮಣ್ಣು. ರಸ್ತೆಯಲ್ಲಿ ಕುಲುಕಿದಾಗ ಒಮ್ಮೆ ತಾಗುತ್ತದೆ, ಒಮ್ಮೆ ಇಲ್ಲ. ನಿಂತಾಗ ಉರಿಯುವ ದೀಪ ಓಡುವಾಗ ಆರುವುದು ಹೀಗೆ. ಟ್ರ್ಯಾಕ್ಟರಿನ ಹಿಂದೆ ಏಳು ಕಾಲಿನ ಸಾಕೆಟ್ ಕೊಟ್ಟಿರುತ್ತಾರೆ, ಅದರಲ್ಲಿ ಒಂದು ಕಾಲು ಅರ್ತಿಂಗಿಗೆಂದೇ ಇದೆ. ಅಲ್ಲಿಂದ ಒಂದು ವಯರ್ ಎಳೆದು, ಟ್ರೇಲರಿನ ಚಾಸಿಯಲ್ಲಿ ಬಣ್ಣ ಕೆರೆದು ಲೋಹ ಹೊಳೆಯುವ ಜಾಗದಲ್ಲಿ ಬೋಲ್ಟಿನಿಂದ ಬಿಗಿದೆ. ಅರ್ಧ ಗಂಟೆಯ ಕೆಲಸ. ಹುಡುಗ ಹಿಂದೆ ಹೋಗಿ ನಿಂತು, ನಾನು ಬ್ರೇಕ್ ಒತ್ತಿದಾಗ ‘ಓ’ ಎಂದ.

ಆದರೆ ಕಬ್ಬು ತುಂಬಿದ ಮೇಲೆ ಆ ದೀಪ ಇದ್ದೂ ಇಲ್ಲ. ಸೋಗೆ ಹಿಂದಕ್ಕೆ ಇಳಿಬಿದ್ದು ದೀಪ, ರಿಫ್ಲೆಕ್ಟರ್, ಸಂಖ್ಯೆ, ನಟನ ಮೀಸೆ ಎಲ್ಲವನ್ನೂ ಮುಚ್ಚುತ್ತದೆ. ಹಿಂದೆ ಬರುವವನಿಗೆ ಕಾಣುವುದು ಕತ್ತಲಿನ ಬಣ್ಣದ ಒಂದು ರಾಶಿ. ಟ್ರೇಲರಿನ ತುದಿ ಎಲ್ಲಿದೆ ಎಂದು ಅವನು ಅಂದಾಜು ಮಾಡುವಷ್ಟರಲ್ಲಿ ಕಬ್ಬಿನ ತುದಿ ಎದೆಗೆ ಬಂದಿರುತ್ತದೆ. ನಾನು ಇದಕ್ಕೆ ಒಂದು ಹಲಗೆ ಮಾಡುತ್ತೇನೆ. ಟ್ರೇಲರಿನ ಅಗಲದ ತಗಡಿನ ಪಟ್ಟಿ, ಎರಡು ತುದಿಗೆ ಎರಡು ಕೆಂಪು ದೀಪ, ನಡುವೆ ಕೆಂಪು ರಿಫ್ಲೆಕ್ಟರ್ ಟೇಪು, ಉದ್ದದ ವಯರ್, ಎರಡು ಕೊಕ್ಕೆ. ಹೇರಿದ ಮೇಲೆ ಹಗ್ಗಕ್ಕೆ ಸಿಕ್ಕಿಸಿ ಕಬ್ಬಿನ ಹೊರತುದಿಗೆ ತೂಗುಬಿಡುವುದು. ಖಾಲಿಯಾದಾಗ ತೆಗೆದು ಸೀಟಿನ ಹಿಂದೆ ಇಡುವುದು. ಹಿಂದೆ ಕೆಂಪು, ಬದಿಗೆ ಹಳದಿ, ಮುಂದೆ ಬಿಳಿ ಟೇಪು, ಇದು ತಪ್ಪಬಾರದು. ಒಬ್ಬ ಮಹಾಶಯ ಅಂದವಾಗಿರಲೆಂದು ಹಿಂದೆ ಬಿಳಿ ಅಂಟಿಸಿದ್ದ. ದೂರದಿಂದ ನೋಡಿದರೆ ಎದುರಿಗೆ ಬರುವ ಗಾಡಿ ಎನಿಸುತ್ತಿತ್ತು.

ಇದು ಈಗ ಮೊದಲಿಗಿಂತ ಹೆಚ್ಚು ತುರ್ತು. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯ ಮುಖ್ಯ ಪಥದಲ್ಲಿ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ. ವೇಗದ ಕಾರುಗಳ ನಡುವೆ ನಾವು ಇರಬಾರದು, ಒಪ್ಪಿದೆ. ಆದರೆ ಆ ಒಂದೇ ಆದೇಶ ಬೈಕನ್ನೂ ಟ್ರ್ಯಾಕ್ಟರನ್ನೂ ಸೇರಿಸಿ ಸರ್ವೀಸ್ ರಸ್ತೆಗೆ ಇಳಿಸಿದೆ. ಅಲ್ಲಿ ಹೆದ್ದಾರಿಯ ದೀಪವಿಲ್ಲ, ಅಗಲವಿಲ್ಲ. ರಸ್ತೆಯಲ್ಲಿ ಅತಿ ನಿಧಾನದ್ದು, ದೀಪವಿಲ್ಲದ್ದು ಯಾವುದೋ ಅದರ ಬೆನ್ನಿಗೆ ಮೈಗೆ ಏನೂ ಕವಚವಿಲ್ಲದವನನ್ನು ಕಟ್ಟಿದ ಹಾಗಾಗಿದೆ. ಹಾಗಿರುವಾಗ ನಿಮ್ಮ ಸುದ್ದಿಯಲ್ಲಿ ಹೆಲ್ಮೆಟ್ ಒಂದನ್ನೇ ಕೇಳಿದರೆ ಹೇಗೆ?

ಇನ್ನೊಂದು ಕೊಲೆಪಾತಕ ಅಭ್ಯಾಸ ಕಲ್ಲಿನದು. ಟ್ರೇಲರ್ ನಿಲ್ಲಿಸಿದಾಗ ಗಾಲಿಗೆ ಅಡೆ ಕೊಡಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಾದಿಬದಿಯ ದಪ್ಪ ಕಲ್ಲನ್ನೇ ಕೊಟ್ಟು, ಹೊರಡುವಾಗ ಅದನ್ನು ರಸ್ತೆಯಲ್ಲೇ ಬಿಟ್ಟು ಹೋಗುತ್ತಾರೆ. ಪಂಕ್ಚರ್ ಆದಾಗ ಸುತ್ತ ಇಡುವ ಸೊಪ್ಪು, ಕಲ್ಲುಗಳದ್ದೂ ಅದೇ ಪಾಡು. ಎರಡು ಮರದ ಬೆಣೆ ಮಾಡಿ, ದಾರ ಕಟ್ಟಿ ಟ್ರೇಲರಿಗೇ ತೂಗುಹಾಕಿ ಎಂದು ಬೇಡಿಕೊಂಡಿದ್ದೇನೆ. ದಾರ ಇದ್ದರೆ ಮರೆತು ಹೊರಟರೂ ಬೆಣೆ ಹಿಂದೆಯೇ ಬರುತ್ತದೆ.

ಬೇರಿಂಗಿನ ಮಾತನ್ನು ಸ್ವಲ್ಪ ಹೇಳಿ ಮುಂದೆ ಹೋಗುತ್ತೇನೆ. ಏಳೆಂಟು ಕಿಲೋಮೀಟರ್ ಓಡಿಸಿ ನಿಲ್ಲಿಸಿದಾಗ ಗಾಲಿಯ ನಡುವಿನ ಗುಂಬದ ಹತ್ತಿರ ಅಂಗೈಯ ಹಿಂಬದಿ ಒಯ್ಯಿರಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಸುಟ್ಟರೆ, ಅಥವಾ ಒಂದು ಬಿಸಿ ಇನ್ನೊಂದು ತಣ್ಣಗಿದ್ದರೆ, ಬಿಸಿಯಾದದ್ದರ ಬೇರಿಂಗ್ ಸಾಯುತ್ತಿದೆ. ಮನೆಯಲ್ಲಿ ಜಾಕ್ ಕೊಟ್ಟು ಗಾಲಿ ಎತ್ತಿ, ಮೇಲೊಂದು ಕೆಳಗೊಂದು ಕೈ ಇಟ್ಟು ಅಲುಗಿಸಿ. ‘ಕಟ ಕಟ’ ಎಂದರೆ ಸಡಿಲ. ಸುತ್ತಿ ಬಿಟ್ಟಾಗ ಅಕ್ಕಿ ಬೀಸುವ ಕಲ್ಲಿನ ಸದ್ದು ಬಂದರೆ ಬದಲಿಸುವ ಕಾಲ. ಗ್ರೀಸ್ ಹಾಕುವುದು ಎಂದರೆ ಮುಚ್ಚಳ ತೆಗೆದು ಒಂದು ಉಂಡೆ ಮೆತ್ತಿ ಮುಚ್ಚುವುದೆಂದು ಬಹಳ ಜನ ತಿಳಿದಿದ್ದಾರೆ. ಆ ಗ್ರೀಸ್ ಬೇರಿಂಗನ್ನು ಮುಟ್ಟುವುದೇ ಇಲ್ಲ. ಬೇರಿಂಗ್ ಹೊರತೆಗೆದು ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ, ಅಂಗೈಯಲ್ಲಿ ಗ್ರೀಸ್ ಇಟ್ಟುಕೊಂಡು ಬೇರಿಂಗಿನ ಅಂಚನ್ನು ಒತ್ತುತ್ತಾ ಒಳಗಿನ ಸಂದಿಯಿಂದ ಆಚೆ ಬದಿಗೆ ಹೊರಬರುವವರೆಗೆ ತುಂಬಬೇಕು. ಮತ್ತೆ ಜೋಡಿಸುವಾಗ ನಟ್ಟು ಕಳಚದಂತೆ ತಡೆಯುವ ಹಳೆಯ ಸ್ಪ್ಲಿಟ್ ಪಿನ್ನನ್ನೇ ನೆಟ್ಟಗೆ ಮಾಡಿ ಹಾಕಬೇಡಿ. ಎರಡನೇ ಸಲ ಬಗ್ಗಿಸಿದ್ದು ಮೂರನೇ ಸಲಕ್ಕೆ ಮುರಿಯುತ್ತದೆ. ನಾಲೆಯಲ್ಲಿ ಗಾಲಿ ಮುಳುಗುವಷ್ಟು ಇಳಿಸಿ ಟ್ರೇಲರ್ ತೊಳೆಯುವವರಿಗೆ ಇದೆಲ್ಲ ಹೇಳಿ ಉಪಯೋಗವಿಲ್ಲ.

ಟೈರಿನ ಬಗ್ಗೆ ಒಂದೇ ಮಾತು. ಲಾರಿಯವರು ಬಿಸಾಡಿದ ಟೈರು ಟ್ರೇಲರಿಗೆ ಬರುತ್ತದೆ, ನೆಲಕ್ಕೆ ತಾಗುವ ಮೈಯ ಗುಂಡಿ ಇನ್ನೂ ಆಳವಾಗಿದೆ ಎಂದು ಕೊಂಡವರು ಹಿಗ್ಗುತ್ತಾರೆ. ಪಕ್ಕದ ಗೋಡೆಯಲ್ಲಿ ನಾಲ್ಕು ಅಂಕಿ ಇರುತ್ತವೆ. 1812 ಎಂದಿದ್ದರೆ ಅದು 2012ನೇ ಇಸವಿಯ ಹದಿನೆಂಟನೇ ವಾರ ಹುಟ್ಟಿದ್ದು. ಗುಂಡಿ ಇದ್ದರೂ ಪಕ್ಕದಲ್ಲಿ ಬೇಸಿಗೆಯ ಕೆರೆಯಂಗಳದ ಹಾಗೆ ಬಿರುಕು ಬಿಟ್ಟಿದ್ದರೆ ಭಾರದ ದಿನವೇ ಸಿಡಿಯುತ್ತದೆ. ನಟ್ಟುಗಳನ್ನು ಎದುರು ಬದುರಾಗಿ ಬಿಗಿಯಬೇಕು, ಗಾಲಿ ಬದಲಿಸಿದ ಮರುದಿನ ಇನ್ನೊಮ್ಮೆ ಬಿಗಿಯಬೇಕು. ನಟ್ಟಿನ ಬುಡದಿಂದ ತುಕ್ಕಿನ ಗೆರೆ ಹೊರಗೆ ಹರಿದಿದ್ದರೆ ಅದು ಸಡಿಲವಾಗಿ ಆಡುತ್ತಿದೆ ಎಂದೇ ಅರ್ಥ.

ಹೇರುವುದರಲ್ಲೂ ಲೆಕ್ಕವಿದೆ, ಎತ್ತಿನ ಗಾಡಿಯವರಿಗೆ ಇದು ತಾಯಿಹಾಲಿನೊಂದಿಗೆ ಬಂದಿತ್ತು. ಹಿಂದೆ ಭಾರವಾದರೆ ಮೂಕಿ ಎದ್ದು ಎತ್ತಿನ ಕೊರಳಿಗೆ ನೇಣು; ಮುಂದೆ ಭಾರವಾದರೆ ಎತ್ತು ಕುಸಿಯುತ್ತದೆ. ಎರಡು ಗಾಲಿಯ ಟ್ರೇಲರಿಗೂ ಅದೇ. ಮೂಕಿ ಟ್ರ್ಯಾಕ್ಟರಿನ ಮೇಲೆ ಹಿತವಾಗಿ ಒತ್ತಬೇಕು. ಹಿಂಭಾರವಾದರೆ ಟ್ರ್ಯಾಕ್ಟರಿನ ಹಿಂಗಾಲಿಯ ಹಿಡಿತ ಹೋಗಿ ಟ್ರೇಲರ್ ಬಾಲ ಬೀಸುತ್ತದೆ, ಅತಿ ಮುಂಭಾರವಾದರೆ ಏರಿನಲ್ಲಿ ಮುಂಗಾಲಿ ಎದ್ದು ಸ್ಟೇರಿಂಗ್ ಮಾತು ಕೇಳುವುದಿಲ್ಲ. ಇಟ್ಟಿಗೆ ಇಳಿಸುವಾಗ ಟ್ರೇಲರನ್ನು ಕಳಚಿ ನಿಲ್ಲಿಸಿ ಮುಂದಿನಿಂದ ಖಾಲಿ ಮಾಡುತ್ತಾ ಬಂದವನೊಬ್ಬನ ಗದ್ದಕ್ಕೆ ಮೂಕಿ ಎದ್ದು ಹೊಡೆದದ್ದನ್ನು ಕಣ್ಣಾರೆ ಕಂಡಿದ್ದೇನೆ. ಮೂರು ಹಲ್ಲು ಹೋದವು.

ಕಬ್ಬಿನ ಮೇಲೆ ಜನ ಕೂರುವುದನ್ನು ನಾನು ಮೇಲೆಯೇ ನಮ್ಮೂರಿನ ಕಥೆಯಲ್ಲಿ ಹೇಳಿದೆ. 2022ರ ಅಕ್ಟೋಬರಿನಲ್ಲಿ ಉತ್ತರ ಪ್ರದೇಶದ ಕಾನ್ಪುರದ ಬಳಿ ದೇವಸ್ಥಾನದಿಂದ ಮರಳುತ್ತಿದ್ದವರ ಟ್ರೇಲರ್ ಹೊಂಡಕ್ಕೆ ಮಗುಚಿ ಇಪ್ಪತ್ತೈದಕ್ಕೂ ಹೆಚ್ಚು ಜನ ಸತ್ತರು. ಎಲ್ಲ ಪತ್ರಿಕೆಯಲ್ಲೂ ಮುಖಪುಟಕ್ಕೆ ಬಂತು. ಮರುವಾರ ನಮ್ಮ ಕಡೆಯೇ ಬೀಗರೂಟಕ್ಕೆ ಒಂದು ಟ್ರೇಲರ್ ತುಂಬ ಹೆಂಗಸರು ಮಕ್ಕಳು ಹೋದರು.

ಎಳೆಯುವವರಿಗೆ ಇನ್ನೊಂದು ವಿಷಯ ಉಳಿದಿದೆ, ಬ್ರೇಕು. ನನ್ನ ಶೆಡ್ಡಿಗೆ ಬರುವ ಟ್ರೇಲರುಗಳಲ್ಲಿ ಬ್ರೇಕ್ ಇರುವುದು ಅಪರೂಪ, ನಿಲ್ಲಿಸುವ ಹೊಣೆಯೆಲ್ಲ ಟ್ರ್ಯಾಕ್ಟರಿನದು. ಟ್ರ್ಯಾಕ್ಟರಿನಲ್ಲಿ ಎಡ ಚಕ್ರಕ್ಕೊಂದು, ಬಲ ಚಕ್ರಕ್ಕೊಂದು ಬೇರೆ ಬೇರೆ ಬ್ರೇಕ್ ಪೆಡಲ್. ಗದ್ದೆಯ ಮೂಲೆಯಲ್ಲಿ ತಿರುಗಿಸಲು ಒಂದನ್ನೇ ತುಳಿಯುತ್ತಾರೆ. ರಸ್ತೆಗೆ ಬಂದಾಗ ಎರಡನ್ನೂ ಜೋಡಿಸುವ ಚಿಲಕ ಹಾಕಬೇಕು. ಹಾಕದೆ ಗಾಬರಿಯಲ್ಲಿ ತುಳಿದರೆ ಒಂದೇ ಗಾಲಿ ಹಿಡಿದು ಟ್ರ್ಯಾಕ್ಟರ್ ಅಡ್ಡ ತಿರುಗುತ್ತದೆ, ಹಿಂದಿನ ಭಾರ ಬಂದು ಮಗುಚುತ್ತದೆ. ಶೆಡ್ಡಿಗೆ ಬಂದವರ ಕಾಲಿನ ಕಡೆ ನಾನು ಮೊದಲು ನೋಡುವುದು ಇದನ್ನೇ. ಬಹುಪಾಲು ಚಿಲಕ ಮಣ್ಣು ಮೆತ್ತಿ ತುಕ್ಕು ಹಿಡಿದು ಅಲುಗುವುದೇ ಇಲ್ಲ. ಇಳಿಜಾರಿನಲ್ಲಿ ಡೀಸೆಲ್ ಉಳಿಯಲೆಂದು ನ್ಯೂಟ್ರಲ್ ಮಾಡುವವರೂ ಇದ್ದಾರೆ. ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು ಎಂದು ಹಳೆಯ ಲಾರಿ ಚಾಲಕರು ಹೇಳುತ್ತಿದ್ದರು.

ಕಾಂಕ್ರೀಟ್ ಕಲೆಸುವ ಯಂತ್ರವನ್ನು ಗೂಡ್ಸ್ ಆಟೊದ ಹಿಂದೆ ಹಗ್ಗದಲ್ಲಿ ಕಟ್ಟಿ ಎಳೆಯುವವರ ಬಗ್ಗೆ ಬರೆಯಲು ಹೊರಟರೆ ಇನ್ನೊಂದು ಪತ್ರವೇ ಬೇಕು. ಹಗ್ಗ ಎಳೆಯುತ್ತದೆ, ತಡೆಯುವುದಿಲ್ಲ. ಮುಂದಿನವನು ನಿಂತರೆ ಹಿಂದಿನದು ನಿಲ್ಲಬೇಕೆಂಬ ಕಟ್ಟುಪಾಡು ಹಗ್ಗಕ್ಕಿಲ್ಲ.

ನನ್ನ ಕೋರಿಕೆ ಎರಡೇ. ಒಂದು ಕಾರ್ಖಾನೆಗಳವರಿಗೆ. ಹಂಗಾಮಿನಲ್ಲಿ ಟ್ರೇಲರುಗಳು ಅಂಗಳದಲ್ಲಿ ಸರತಿ ಹಿಡಿದು ಗಂಟೆಗಟ್ಟಲೆ ನಿಲ್ಲುತ್ತವೆ, ಕೆಲವೊಮ್ಮೆ ಇಡೀ ರಾತ್ರಿ. ವೇಬ್ರಿಡ್ಜಿನಲ್ಲಿ ತೂಕದ ಸಣ್ಣ ವ್ಯತ್ಯಾಸವನ್ನೂ ಕಂಡುಹಿಡಿಯುವವರು ಆ ಸರತಿಯುದ್ದಕ್ಕೂ ಒಬ್ಬ ಹುಡುಗನನ್ನು ಟಾರ್ಚ್, ಸ್ಪ್ಯಾನರ್, ಒಂದು ಸುರುಳಿ ಕೆಂಪು ಟೇಪು ಕೊಟ್ಟು ಓಡಾಡಿಸಲಿ. ಪಿನ್ನು ನೋಡಲಿ, ಕ್ಲಿಪ್ ಇಲ್ಲದಿದ್ದರೆ ಹಾಕಲಿ, ಟೇಪು ಅಂಟಿಸಲಿ. ರೈತರಿಗೆ ಹೊತ್ತು ಹಾಳಾಗುವುದಿಲ್ಲ, ಅದು ಹೇಗೂ ಹಾಳಾಗುತ್ತಲೇ ಇರುವ ಹೊತ್ತು. ದಂಡ ಹಾಕುವವರ ಕೈಗೆ ಇದನ್ನು ಕೊಡಬೇಡಿ ಎಂಬುದು ನನ್ನ ಅಭಿಪ್ರಾಯ. ದಂಡಕ್ಕೆ ಹೆದರಿದವರು ಟ್ರೇಲರ್ ರಿಪೇರಿ ಮಾಡಿಸುವುದಿಲ್ಲ, ದಾರಿ ಬದಲಿಸುತ್ತಾರೆ.

ಇನ್ನೊಂದು ನಿಮಗೆ. ಮುಂದಿನ ಬಾರಿ ಇಂಥ ಸುದ್ದಿ ಬಂದಾಗ ನಿಮ್ಮ ವರದಿಗಾರರು ಠಾಣೆಯಲ್ಲಿ ಮೂರು ಪ್ರಶ್ನೆ ಹೆಚ್ಚಿಗೆ ಕೇಳಲಿ. ಹಿಂದೆ ದೀಪ ಉರಿಯುತ್ತಿತ್ತೇ? ಟ್ರೇಲರಿನ ಸಂಖ್ಯೆ ಏನು? ಕಳಚಿದ್ದರೆ, ಪಿನ್ನು ಎಲ್ಲಿ? ಉತ್ತರ ಸಿಗದಿದ್ದರೆ ‘ಟ್ರೇಲರಿಗೆ ದೀಪ ಇತ್ತೇ ಎಂಬುದನ್ನು ಪೊಲೀಸರು ತಿಳಿಸಿಲ್ಲ’ ಎಂದೇ ಅಚ್ಚು ಹಾಕಿ. ಒಂದೇ ಸಾಲು ಹೆಚ್ಚಾಗುತ್ತದೆ.

ಹೆಸರು ಹಾಕಬೇಡಿ, ತಾಲ್ಲೂಕಿನ ಹೆಸರು ಸಾಕು. ಮತ್ತೆ, ದಯವಿಟ್ಟು ಈ ಪತ್ರವನ್ನು ಒಂದು ವಾರ ತಡೆದು ಪ್ರಕಟಿಸಿ. 1998ರ ಆ ಗಿರಾಕಿ ಈಗಲೂ ನನ್ನ ಶೆಡ್ಡಿಗೇ ಬರುತ್ತಾರೆ. ಕಾಲು ಎಳೆಯುತ್ತಾ ಅವರ ತಮ್ಮನೂ ಬರುತ್ತಾನೆ, ನನ್ನನ್ನು ಅಣ್ಣ ಎನ್ನುತ್ತಾನೆ. ಆ ಪಿನ್ನು ಮನೆ ಕಟ್ಟುವ ಕಂಬಿಯದ್ದೆಂದು ನಾನು ಇಬ್ಬರಿಗೂ ಇದುವರೆಗೆ ಹೇಳಿಲ್ಲ. ಡ್ರಿಲ್ಲಿಂಗ್ ಯಂತ್ರದ ಕೆಳಗಿನ ತಗಡಿನ ಡಬ್ಬಿಯಲ್ಲಿ ಅದು ಹಾಗೆಯೇ ಇದೆ. ಈ ಭಾನುವಾರ ತೆಗೆದುಕೊಂಡು ಅವರ ಮನೆಗೆ ಹೋಗುತ್ತೇನೆ. ಪತ್ರಿಕೆಯಲ್ಲಿ ಓದಿ ತಿಳಿಯುವುದು ಬೇಡ.

ಇಂತಿ,
ಒಬ್ಬ ಟ್ರೇಲರ್ ಮೇಸ್ತ್ರಿ,
ಮದ್ದೂರು ತಾಲ್ಲೂಕು